ಆರಾಮ ಕೇಳುವ ಡಬ್ಬಿ

ಕೊನೆಯ ಅಂಕಿಗೆ ಗೋಡೆಯ ಮೇಲೆ ಜಾಗ ಸಾಲದೆ ಪೇಂಟರ್ ಅದನ್ನು ಕಿಟಕಿಯ ಬಾಗಿಲ ಮೇಲೆ ಬರೆದಿದ್ದ. ನೀಲಿ ಬಣ್ಣದ ಏಳು. ಕಿಟಕಿ ತೆರೆದರೆ ಬಾಗಿಲಿನ ಜೊತೆ ಆ ಏಳೂ ಕೋಣೆಯೊಳಗೆ ಹೋಗಿಬಿಡುತ್ತಿತ್ತು. ಹೊರಗೆ ನಿಂತವರಿಗೆ ಒಂಬತ್ತೇ ಅಂಕಿ ಕಾಣುತ್ತಿದ್ದವು. ಕಚೇರಿ ಮುಚ್ಚಿ ಕಿಟಕಿ ಹಾಕಿದ ಮೇಲೆ ಏಳು ಮತ್ತೆ ತನ್ನ ಜಾಗಕ್ಕೆ ಬಂದು ನಂಬರ್ ಪೂರ್ತಿಯಾಗುತ್ತಿತ್ತು. ಅದು ಕಚೇರಿಯ ನಂಬರಿನ ಕೆಳಗಿದ್ದ ನನ್ನ ಮೊಬೈಲ್ ನಂಬರ್. ಕಚೇರಿ ಮುಚ್ಚಿದ ಮೇಲೆ ಫೋನ್ ಮಾಡುವವರಿಗಾಗಿಯೇ ಅದನ್ನು ಅಲ್ಲಿ ಬರೆಸಿದ್ದು. ಹೀಗಾಗಿ ಪೇಂಟರನ ತಪ್ಪು ತಾನಾಗಿಯೇ ಸರಿಹೋಗಿತ್ತು.

ಅದು ಅಫಜಲಪುರದ ಕಚೇರಿ. ನಾನು ಕೆಲಸ ಮಾಡುವುದು ರೈತರೇ ಸೇರಿ ಕಟ್ಟಿಕೊಂಡ ಒಂದು ಸಣ್ಣ ಕಂಪನಿಯಲ್ಲಿ. ಕಾಳು ಒಕ್ಕುವ ರಾಶಿ ಮಷೀನು, ಟ್ರ್ಯಾಕ್ಟರ್, ಔಷಧ ಹೊಡೆಯುವ ಪಂಪು, ಇವನ್ನೆಲ್ಲ ಬಾಡಿಗೆಗೆ ಕೊಡುತ್ತೇವೆ. ಆಳಂದದಲ್ಲಿ ಮುಖ್ಯ ಕಚೇರಿ. ಅಫಜಲಪುರ, ಜೇವರ್ಗಿಗಳಲ್ಲಿ ಒಂದೊಂದು ಕೋಣೆ. ಯಾವ ಮಷೀನು ಯಾವ ಊರಿಗೆ ಯಾವಾಗ ಹೋಗಬೇಕೆಂದು ಗೊತ್ತುಮಾಡುವುದು ನನ್ನ ಕೆಲಸ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಮಣ್ಣೂರಿನಿಂದ ಹೊರಟ ಮಷೀನು ಖಾಲಿ ತಿರುಗಿ ಬಾರದೆ ದಾರಿಯಲ್ಲಿ ಇನ್ನೆರಡು ಹೊಲ ಮುಗಿಸಿಕೊಂಡು ಬರುವಂತೆ ಹೊಂದಿಸುವುದರಲ್ಲಿ ನನಗೆ ಒಂದು ಸುಖವಿದೆ. ಅದಕ್ಕೆ ಮಾತು ಬೇಕಾಗುವುದಿಲ್ಲ.

ಮಾತು ಬೇಕಾಗುತ್ತಿದ್ದುದು ಫೋನಿಗೆ. ನಮ್ಮ ಕಡೆ ರೈತರು ಫೋನ್ ಮಾಡುವುದು ಹೊಲಕ್ಕೆ ಹೋಗುವ ಮುಂಚೆ, ಇಲ್ಲವೆ ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ. ಎರಡೂ ಹೊತ್ತಿನಲ್ಲಿ ನಮ್ಮ ಕಚೇರಿಗೆ ಬೀಗ. ಹಿಂದಿನ ವರ್ಷದ ತೊಗರಿ ಸುಗ್ಗಿಯಲ್ಲಿ ನಮ್ಮ ಮ್ಯಾನೇಜರ್ ನನ್ನನ್ನು ಕರೆದು, "ಇದೊಂದು ಸುಗ್ಗಿ ಮಟ್ಟಿಗೆ ನಿಮ್ಮ ನಂಬರ್ ಇರ್ಲಿ ಮೇಡಮ್" ಎಂದಿದ್ದರು. ಅವರು ಬ್ಯಾಂಕಿನಿಂದ ನಿವೃತ್ತರಾಗಿ ಬಂದವರು. ವಯಸ್ಸಿನಲ್ಲಿ ನನ್ನ ತಂದೆಗಿಂತ ದೊಡ್ಡವರಾದರೂ ನನ್ನನ್ನು ಮೇಡಮ್ ಎಂದೇ ಕರೆಯುತ್ತಾರೆ. ಸುಗ್ಗಿ ಮುಗಿಯಿತು, ನಂಬರ್ ಉಳಿಯಿತು.

ಆಮೇಲೆ ನನ್ನ ಸಂಜೆಗಳು ನನ್ನವಾಗಿ ಉಳಿಯಲಿಲ್ಲ. ಆಳಂದದ ನಮ್ಮ ಮನೆಯಲ್ಲಿ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಕುಳಿತು ಓದುವುದು ನನ್ನ ಅಭ್ಯಾಸ. ಪುಟ ತಿರುವುವ ಮುಂಚೆ ಫೋನ್ ಬರುತ್ತಿತ್ತು. ನಾನು ಬಚ್ಚಲಲ್ಲಿದ್ದರೆ ಅವ್ವ ಎತ್ತುತ್ತಿದ್ದಳು. ನಾನು ಹೊರಗೆ ಬರುವಷ್ಟರಲ್ಲಿ ಆ ಕಡೆಯವರಿಗೆ ನಾನು ಎಲ್ಲಿ ಓದಿದ್ದು, ನನಗೆ ಬದನೆಕಾಯಿ ಸೇರುವುದಿಲ್ಲ, ನನ್ನ ತಮ್ಮ ನೌಕರಿ ಹುಡುಕುತ್ತಿದ್ದಾನೆ ಎಲ್ಲವೂ ಗೊತ್ತಾಗಿರುತ್ತಿತ್ತು. ಒಮ್ಮೆ ಜೇವರ್ಗಿಯಲ್ಲಿ, ನಾನು ಎಂದೂ ನೋಡಿರದ ಒಬ್ಬರು ಕಚೇರಿಯ ಬಾಗಿಲಲ್ಲಿ ನಿಂತು, "ನಿಮ್ಮ ತಮ್ಮಗ ನೌಕ್ರಿ ಸಿಕ್ತೇನ್ರಿ ಅಕ್ಕಾರ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ನಾನು ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಬೇರೆ ದಾರಿ ಯೋಚಿಸಿದೆ.

ದೀಪಾವಳಿಯ ನಂತರ ಮ್ಯಾನೇಜರ್ ಮುಂದೆ ವಾಯ್ಸ್‌ಮೇಲ್ ಪ್ರಸ್ತಾಪ ಇಟ್ಟೆ. ಕಚೇರಿ ಮುಚ್ಚಿದಾಗ ಬಂದ ಫೋನನ್ನು ಯಂತ್ರ ಎತ್ತುತ್ತದೆ, ಹೇಳಿದ್ದನ್ನು ಮುದ್ರಿಸಿಕೊಳ್ಳುತ್ತದೆ, ಬೆಳಿಗ್ಗೆ ನಾವು ಕೇಳಿ ತಿರುಗಿ ಫೋನ್ ಮಾಡುತ್ತೇವೆ ಎಂದೆ. ಅವರು ಪೂರ್ತಿ ಕೇಳಿದರು.

"ನಮ್ಮ ಮಂದಿ ಮಷೀನಿನ ಕೂಡ ಮಾತಾಡ್ತಾರೇನ್ರಿ?"

"ಮಾಡಿ ನೋಡೋಣ್ರಿ ಸರ್."

"ನೋಡ್ರಿ ಮೇಡಮ್, ಎಳ್ಳಮಾಸಿ ಮುಂದ ಮೂರೂ ಆಫೀಸಿನ ಬೋರ್ಡಿಗಿ ಹೊಸಾ ಬಣ್ಣ ಆಗ್ತದ. ಅಷ್ಟೊತ್ತಿಗಿ ಜನ ನಿಮ್ಮ ಡಬ್ಬಿ ಒಳಗ ಮಾತಾಡಿದ್ರ, ನಿಮ್ಮ ನಂಬರ್ ಅಳಸೂಣು. ಮಾತಾಡ್ಲಿಲ್ಲಂದ್ರ ಮೂರೂ ಕಡಿ ನಿಮ್ಮ ನಂಬರೇ ಬರಸೂಣು. ಒಪ್ಪಿಗಿ ಅದೇನು?"

ಒಪ್ಪಿದೆ. ಎಳ್ಳ ಅಮಾವಾಸ್ಯೆಗೆ ಇನ್ನೂ ಸಾಕಷ್ಟು ದಿನಗಳಿದ್ದವು.

ಜೋಡಿಸುವ ಕೆಲಸ ಚೆನ್ನಾಗಿಯೇ ಸಾಗಿತು. ಆಳಂದದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು, ಮೂರೂ ಕಡೆಯ ಫೋನು ಒಂದೇ ಕಡೆ ಬರುವಂತೆ ಮಾಡಿದೆ. ಆಳಂದಕ್ಕೆ ಒಂದು ಒತ್ತಬೇಕು, ಅಫಜಲಪುರಕ್ಕೆ ಎರಡು, ಜೇವರ್ಗಿಗೆ ಮೂರು. ಆಮೇಲೆ ಸಂದೇಶ, ಅದಕ್ಕೆ ಅರ್ಧ ನಿಮಿಷದ ಮಿತಿ. ಸ್ವಾಗತದ ಮಾತು ಅದರಲ್ಲೇ ಸಿದ್ಧವಾಗಿತ್ತು. ಒಂದು ಹೆಣ್ಣು ದನಿ, ಎಲ್ಲಿಯೂ ಉಸಿರು ತೆಗೆದುಕೊಳ್ಳದೆ, "ಕರೆ ಮಾಡಿದ್ದಕ್ಕಾಗಿ ಧನ್ಯವಾದಗಳು, ದಯವಿಟ್ಟು ಬೀಪ್ ಶಬ್ದದ ನಂತರ ನಿಮ್ಮ ಸಂದೇಶವನ್ನು ದಾಖಲಿಸಿ" ಎನ್ನುತ್ತಿತ್ತು. ನನ್ನ ಕಿವಿಗೆ ಅದರಲ್ಲಿ ಯಾವ ದೋಷವೂ ಕೇಳಿಸಲಿಲ್ಲ. ಸಂಜೆ ನಾನೇ ಮೆಟ್ಟಿಲ ಮೇಲಿನಿಂದ ಫೋನ್ ಮಾಡಿ, ಪರೀಕ್ಷೆ ಎಂದು ಹೇಳಿ ಇಟ್ಟೆ. ಬೆಳಿಗ್ಗೆ ನನ್ನ ದನಿ ಅಲ್ಲಿ ಕಾದಿತ್ತು.

ನಂತರದ ಬೆಳಗುಗಳಲ್ಲಿ ಕಾದಿದ್ದು ಬೇರೆ. ಅಫಜಲಪುರದ ಕಚೇರಿಯಲ್ಲಿ ಲೆಕ್ಕ ನೋಡುವ ಅಕ್ಕ ಒಬ್ಬರಿದ್ದಾರೆ. ನನಗಿಂತ ಹಿರಿಯರು, ನನ್ನನ್ನು ತಂಗಿ ಎನ್ನುತ್ತಾರೆ, ನಗು ತಡೆಯುವ ಅಭ್ಯಾಸ ಅವರಿಗಿಲ್ಲ. ಅಲ್ಲಿ ನಾವಿಬ್ಬರೂ ಚಹಾ ಹಿಡಿದು ಕೇಳಲು ಕುಳಿತೆವು.

"ಹಲೋ. ಹಲೋ, ನಮಸ್ಕಾರ್ರಿ." ಆಮೇಲೆ ಮೌನ. ಹಿನ್ನೆಲೆಯಲ್ಲಿ ಎಮ್ಮೆ. "ನಮಸ್ಕಾರ ಅಂದೇನ್ರಿ." ಮತ್ತೆ ಮೌನ. ಅರ್ಧ ನಿಮಿಷ ಮುಗಿಯಿತು.

"ಹಾಂ, ಆರಾಮೇನ್ರಿ? ಎಲ್ಲಾರೂ ಆರಾಮೇನ್ರಿ? ಹಲೋ. ಮಾತಾಡ್ರಿ." ಮುಗಿಯಿತು.

ಯಡ್ರಾಮಿ ಕಡೆಯ ಒಬ್ಬ ಹಿರಿಯರು ಯಂತ್ರದ ದನಿ ಹೇಳಿದ್ದಕ್ಕೆಲ್ಲ "ಹೌದ್ರಿ, ಆಗ್ಲಿರಿ" ಎಂದು ಒಪ್ಪಿಗೆ ಕೊಟ್ಟು ಫೋನ್ ಇಟ್ಟಿದ್ದರು. ಇನ್ನೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: "ಎತ್ಯಾರಲೇ, ಖರೇ, ಎತ್ಯಾರ. ಉಸಿರೇ ಬಿಡವಲ್ರು."

"ಇವರ್ಯಾರೂ ಊರಿನ ಹೆಸರೇ ಹೇಳಿಲ್ರಿ ಅಕ್ಕಾರ" ಎಂದೆ.

"ಕೇಳದ ಹ್ಯಾಂಗ ಹೇಳ್ತಾರ ತಂಗಿ?" ಎಂದು ಅವರು ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡರು. ನಗು ಬಂದು ಕಣ್ಣು ತೇವವಾಗಿದ್ದವು. ಆ ಮಾತನ್ನು ನಾನು ಅಂದು ನಗುವಿನ ಭಾಗವೆಂದೇ ತಿಳಿದೆ.

ನನ್ನ ಮೊಬೈಲಿಗೆ ಬರುವ ಫೋನುಗಳು ಹೆಚ್ಚಾದವು. ಮೊದಲು ಬಾಡಿಗೆಗೆ ಕೇಳಲು ಫೋನ್ ಮಾಡುತ್ತಿದ್ದವರು ಈಗ ದೂರು ಕೊಡಲು ಮಾಡತೊಡಗಿದರು. "ಮೇಡಮ್, ನಿಮ್ಮ ಆಫೀಸಿನ್ಯಾಗ ಯಾರೋ ಹೊಸಾ ಹೆಣ್ಮಗಳು ಬಂದಾಳಲ್ರಿ, ಬರೇ ತಾನೇ ಮಾತಾಡ್ತಾಳ. ನಾವು ಕೇಳಿದ್ದಕ್ಕ ಜವಾಬೇ ಕೊಡಂಗಿಲ್ಲ. ಬಕ್ಕಳ ಸೊಕ್ಕದ ನೋಡ್ರಿ ಆಕಿಗಿ." ಆಕೆ ಯಂತ್ರ ಎಂದು ವಿವರಿಸಿದೆ. "ಯಾರರ ಇರ್ವಲ್ರ್ಯಾಕ, ಆರಾಮೇನ್ರಿ ಅಂತ ಕೇಳಿದ್ರ ಗಂಟು ಹೋಗ್ತದೇನು?" ಎಂದರು ಅವರು.

ಮ್ಯಾನೇಜರ್ ದಿನಾ ಕೇಳುತ್ತಿರಲಿಲ್ಲ. ಆದರೆ ಪೇಂಟರ್ ಒಮ್ಮೆ ಆಳಂದಕ್ಕೆ ಬಂದು ಗೋಡೆಯ ಅಳತೆ ತೆಗೆದುಕೊಂಡು ಹೋದ. ನನ್ನ ನಂಬರಿಗೆ ಈ ಸಲ ಸಾಕಷ್ಟು ಜಾಗ ಬಿಡುವುದಾಗಿ ಅವನು ಬಹಳ ವಿನಯದಿಂದ ಹೇಳಿದ.

ಒಂದು ಭಾನುವಾರ ಅವ್ವ ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿರುವ ದೊಡ್ಡವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಒಳಕೋಣೆಯಲ್ಲಿ ಬುದ್ಧನ ಪಟದ ಕೆಳಗೆ ಕುಳಿತು ನಾನು ಬಟ್ಟೆ ಮಡಿಸುತ್ತಿದ್ದೆ. ಜೈಭೀಮ್ ಆಯಿತು, ಆರಾಮ ಆಯಿತು, ಏನು ಅಡಿಗೆ ಎಂಬುದಾಯಿತು. ಯಾರ ಮನೆಗೆ ಯಾರು ಬಂದಿದ್ದರು, ಚಳಿ ಎಷ್ಟಿದೆ, ಯಾರ ಕೆಮ್ಮು ಎಲ್ಲಿಗೆ ಬಂತು, ಎಲ್ಲ ಆಯಿತು. ಕಡೆಗೆ ಅವ್ವ, "ಇಡ್ಲೇನ ಅಕ್ಕಾ ಮತ್ತ?" ಎಂದಳು. ಆಗ ಆ ಕಡೆಯಿಂದ ಏನೋ ಬಂತು. ಅವ್ವ ನನ್ನ ಕಡೆ ತಿರುಗಿ, "ದೊಡ್ಡವ್ವ ಫೋನ್ ಹಚ್ಚಿದ್ದೇ ಇದಕ್ಕಂತ, ನೋಡು. ಅವರ ಬಾಜೂ ಮನಿಯವರಿಗಿ ರಾಶಿ ಮಷೀನ್ ಬೇಕಂತ" ಎಂದಳು.

ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟೆ. ಕೆಲಸದ ಮಾತು ಬಂದದ್ದು ಅವ್ವ ಫೋನ್ ಇಡುತ್ತೇನೆ ಎಂದ ಮೇಲೆ. ಅಲ್ಲಿಯವರೆಗಿನ ಮಾತೆಲ್ಲ ಅದಕ್ಕೆ ಬರುವ ದಾರಿ. ಆ ದಾರಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕೇಳುತ್ತಲೇ ಬರಬೇಕು. ನನ್ನ ಯಂತ್ರ ಆ ದಾರಿಯನ್ನೇ ಮುಚ್ಚಿ, ಬಂದವರನ್ನು ಸೀದಾ ಹೇಳಿ ಹೋಗಿ ಎನ್ನುತ್ತಿತ್ತು. ಅಷ್ಟು ಮರ್ಯಾದೆಗೆಟ್ಟು ಮಾತಾಡಲು ಮೂರು ತಾಲೂಕಿನಲ್ಲಿ ಯಾರೂ ತಯಾರಿರಲಿಲ್ಲ. ಕೇಳದೆ ಹೇಗೆ ಹೇಳುತ್ತಾರೆ ಎಂದು ಅಫಜಲಪುರದ ಅಕ್ಕ ಅಂದು ಹೇಳಿದ್ದೂ ಅದನ್ನೇ.

ಮರುವಾರ ಎಲ್ಲವನ್ನೂ ಬಿಚ್ಚಿದೆ. ಒಂದು ಒತ್ತಿ, ಎರಡು ಒತ್ತಿ ತೆಗೆದೆ. ಒಂದೇ ಉದ್ದನೆಯ ಸಂದೇಶದ ಬದಲು ಯಂತ್ರ ಒಂದು ಪ್ರಶ್ನೆ ಕೇಳಿ ಸುಮ್ಮನಾಗಬೇಕು, ಕೇಳಿಸಿಕೊಳ್ಳಬೇಕು, ಆ ಕಡೆ ಮಾತು ನಿಂತ ಮೇಲೆ ಮುಂದಿನ ಪ್ರಶ್ನೆಗೆ ಹೋಗಬೇಕು. ಹಾಗೆ ಜೋಡಿಸಲು ಬರುತ್ತಿತ್ತು. ಆದರೆ ಕೇಳುವ ದನಿ ಬೇಕು. ಸಿದ್ಧವಾಗಿದ್ದ ದನಿಗೆ ಕೇಳಲು ಬರುವುದಿಲ್ಲ.

ಅಕ್ಕನಿಗೆ ಹೇಳಿದೆ. "ನಾ ಒಲ್ಲೆ. ನನ್ನ ಗಂಡನ ಮನಿ ಮಂದಿ ನನ್ನ ದನಿ ಕೇಳಾಕೇ ದಿನಾ ಫೋನ್ ಹಚ್ಚತಾರ, ನಿನ್ನ ಡಬ್ಬಿ ತುಂಬತದ" ಎಂದರು. ರಾಶಿ ಮಷೀನ್ ನಡೆಸುವ ಡ್ರೈವರ್ ಉತ್ಸಾಹದಿಂದ ಒಪ್ಪಿದ. ಅವನದು ಮಷೀನಿನ ಸದ್ದಿನ ಮೇಲೆ ಕೇಳಿಸುವಂತೆ ಮಾತಾಡಿ ರೂಢಿಯಾದ ಗಂಟಲು. "ಯಾವ ಊರು? ಏನ್ ಬೇಕು?" ಎಂದು ಅವನು ಹೇಳಿದ್ದನ್ನು ಅಕ್ಕ ಕೇಳಿ, "ಲೇ, ಮಂದಿ ಪೊಲೀಸ್ ಠಾಣಾಕ್ಕ ಹತ್ತೇದ ಅಂತ ಫೋನ್ ಇಟ್ಟುಬಿಡ್ತಾರ. ಬಿಡಪಾ ನೀ" ಎಂದರು. ಅವನು ಬೇಸರ ಮಾಡಿಕೊಳ್ಳಲಿಲ್ಲ. "ಮೇಡಮ್ ಅವರೇ ಹೇಳ್ಲಿರಿ. ಅವರು ಮಾತಾಡಿದ್ದು ನಾವೂ ಒಮ್ಮಿ ಕೇಳ್ದಂಗಾಗ್ತದ" ಎಂದ.

ನನ್ನ ನಂಬರ್ ಗೋಡೆಯಿಂದ ಹೋಗಬೇಕಾದರೆ ನನ್ನ ದನಿಯನ್ನು ಕೊಡಬೇಕು. ಇದನ್ನು ಎರಡು ದಿನ ಯೋಚಿಸಿದೆ. ನಂಬರ್ ಎಂದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ನನ್ನನ್ನು ಕರೆಯಬಹುದು. ದನಿ ಹಾಗಲ್ಲ, ನಾನು ಒಮ್ಮೆ ಹೇಳಿ ಮನೆಗೆ ಹೋಗಬಹುದು. ಹೀಗೆ ಲೆಕ್ಕ ಹಾಕಿದ ಮೇಲೆ ಕಷ್ಟವೆನಿಸಲಿಲ್ಲ.

ಆಳಂದದ ಕಚೇರಿಯ ಹಿಂದೆ ಖಾಲಿ ಗೋಣಿಚೀಲ ಒಟ್ಟಿದ ಕೋಣೆ ಇದೆ. ಅಲ್ಲಿ ದನಿ ಪ್ರತಿಧ್ವನಿಸುವುದಿಲ್ಲ. ಬಾಗಿಲು ಹಾಕಿಕೊಂಡು ಮೊಬೈಲನ್ನು ಚೀಲಗಳ ಮೇಲಿಟ್ಟು ಶುರುಮಾಡಿದೆ. "ನಮಸ್ಕಾರ್ರಿ. ಆರಾಮ ಇದ್ದೀರಿ?" ಮೊದಲ ಸಲ ಅದು ಪರೀಕ್ಷೆಯ ಪ್ರಶ್ನೆಯಂತಿತ್ತು. ಎರಡನೆಯ ಸಲ ಆಸ್ಪತ್ರೆಯಲ್ಲಿ ಕೇಳಿದಂತಿತ್ತು. ಆ ಮಾತನ್ನು ನಾನು ದಿನಾ ಕೇಳಿಸಿಕೊಳ್ಳುತ್ತೇನೆ, ಉತ್ತರ ಕೊಡುತ್ತೇನೆ. ನಾನಾಗಿ ಮೊದಲು ಕೇಳುವುದು ಕಡಿಮೆ. ಕಡೆಗೆ ದೊಡ್ಡವ್ವ ಹೊಸ್ತಿಲಲ್ಲಿ ನಿಂತಿದ್ದಾಳೆ ಎಂದುಕೊಂಡು ಕೇಳಿದೆ. ಅದು ಸರಿಹೋಯಿತು. ಉಳಿದವು ಸುಲಭ. "ಯಾವ ಊರಿಂದ ಮಾತಾಡಾಕತ್ತೀರಿ? ಯಾರು ಅಂತ ಹೇಳ್ರಿ?" ಆಮೇಲೆ, "ಯಾವ ಮಷೀನ್ ಬೇಕಾಗಿತ್ರಿ, ಯಾವಾಗ?" ಆಮೇಲೆ, "ಆತ್ರಿ. ಮುಂಜಾನಿ ನಾವೇ ಫೋನ್ ಮಾಡ್ತೇವಿ. ಇಡ್ಲೇನ್ರಿ ಮತ್ತ?" ಅದರ ನಂತರವೂ ಒಂದು ಬಿಡುವು ಇಟ್ಟೆ. ಮುಖ್ಯ ಮಾತು ನೆನಪಾಗುವುದು ಆಗಲೇ.

ಬೆಳಿಗ್ಗೆ ಅಫಜಲಪುರದಲ್ಲಿ ಅಕ್ಕ ನನಗಿಂತ ಮೊದಲೇ ಬಂದು ಕುಳಿತಿದ್ದರು. ಈ ಸಲ ಊರುಗಳು ಬಂದವು, ಹೆಸರುಗಳು ಬಂದವು, ಎಷ್ಟು ಎಕರೆ ಎಂಬುದೂ ಬಂತು. ಕಿಣ್ಣಿ ಸುಲ್ತಾನದಿಂದ ದೊಡ್ಡವ್ವ ಪಕ್ಕದ ಮನೆಯವರ ಪರವಾಗಿ ಫೋನ್ ಮಾಡಿದ್ದಳು: "ಜೈಭೀಮ್ ಬೇ. ಗೋಣಿ ಒಳಗ ಕುಂತು ಮಾತಾಡಿದ್ರೂ ನಿನ್ನ ದನಿ ಗುರ್ತ ಹಿಡದೇನಿ." ಗೋಣಿಯ ವಿಷಯ ಅವ್ವ ಹೇಳಿರಬೇಕು.

ಒಂದೇ ಒಂದು ಕೊರತೆ ಉಳಿದಿತ್ತು. ಅದನ್ನು ತೋರಿಸಿದ್ದು ಮಣ್ಣೂರಿನ ಒಬ್ಬ ಅಜ್ಜಿಯ ಸಂದೇಶ. ಆರಾಮ ಇದ್ದೀರಿ ಎಂದು ನಾನು ಕೇಳಿದ್ದಕ್ಕೆ ಅವರು ಮೊಣಕಾಲಿನ ನೋವು, ಮಣ್ಣೂರ ಹೊಳೆಯ ದಂಡೆಯ ಚಳಿ, ಸೊಸೆ ಹಚ್ಚಿದ ಎಣ್ಣೆ ಎಲ್ಲವನ್ನೂ ಹೇಳಿ, "ನೀ ಆರಾಮಿದ್ದೀಯೇನ ನನ ತಾಯಿ?" ಎಂದು ಕೇಳಿ ಕಾದರು. ಯಂತ್ರ, "ಯಾವ ಊರಿಂದ ಮಾತಾಡಾಕತ್ತೀರಿ?" ಎಂದಿತು. ಅಜ್ಜಿ ದೂರ ತಿರುಗಿ ಯಾರಿಗೋ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ನಂದೆಲ್ಲಾ ಕೇಳಕೊಂಡ್ಳು, ತಂದು ಹೇಳವಲ್ಲಳು. ಇಡು ಫೋನು." ಅಷ್ಟೇ. ತೊಗರಿ ರಾಶಿಯ ಮಾತೇ ಬರಲಿಲ್ಲ.

ಅದೇ ದಿನ ಆಳಂದಕ್ಕೆ ತಿರುಗಿ ಬಂದು ಮತ್ತೆ ಗೋಣಿಯ ಕೋಣೆಗೆ ಹೋದೆ. ಮೊದಲ ಬಿಡುವಿನ ನಂತರ ಒಂದು ಸಾಲು ಸೇರಿಸಿದೆ: "ನಾವೂ ಆರಾಮ ಇದ್ದೇವ್ರಿ." ಯಾರು ಏನು ಕೇಳಿದರೂ, ಕೇಳದಿದ್ದರೂ ಅದು ಹೊಂದಿಕೊಳ್ಳುತ್ತಿತ್ತು. ಆಮೇಲೆ ಯಾರೂ ನಡುವೆ ಫೋನ್ ಇಡಲಿಲ್ಲ.

ನನ್ನ ಮೊಬೈಲ್ ನಿಧಾನವಾಗಿ ಸುಮ್ಮನಾಯಿತು. ಮೆಟ್ಟಿಲ ಮೇಲೆ ಒಂದು ಇಡೀ ಅಧ್ಯಾಯ ಓದಿದೆ. ಅವ್ವ ಮಾತ್ರ ನಡುನಡುವೆ ಹೊರಗೆ ಬಂದು, "ಯಾಕ, ಇವತ್ತೂ ಯಾರೂ ಫೋನ್ ಹಚ್ಚಿಲ್ಲೇನು? ಜೇವರ್ಗಿಯವರ ಮಗಳಿಗಿ ಹೆರಿಗಿ ಆಗಬೇಕಿತ್ತಲ್ಲ" ಎಂದು ಕೇಳುತ್ತಿದ್ದಳು. ಬೆಳಿಗ್ಗೆ ಸಂದೇಶದಲ್ಲಿ ಬಂದ ಸುದ್ದಿಗಳನ್ನು ನಾನೇ ಅವಳಿಗೆ ಹೇಳತೊಡಗಿದೆ. ಹೆಣ್ಣುಮಗು, ತಾಯಿ ಮಗು ಆರಾಮ. ಕೆಲಸಕ್ಕೆ ಬೇಕಾದದ್ದು ಎರಡನೆಯ ಮೂರನೆಯ ಉತ್ತರ ಮಾತ್ರ. ಆದರೂ ಮೊದಲನೆಯದನ್ನು ದಾಟಿಸಿ ಮುಂದೆ ಹೋಗಲು ನನಗೆ ಆಗುತ್ತಿರಲಿಲ್ಲ.

ಈ ದಿನಗಳಲ್ಲಿ ಮ್ಯಾನೇಜರ್ ಸೊಲ್ಲಾಪುರದಲ್ಲಿ ಮಗಳ ಮನೆಯಲ್ಲಿದ್ದರು. ಪೇಂಟರ್ ಬರುವ ದಿನ ಹತ್ತಿರವಾದಾಗ ತಿರುಗಿ ಬಂದು, ಒಂದು ಮಧ್ಯಾಹ್ನ ಆಳಂದದಲ್ಲಿ ನಮ್ಮನ್ನು ಕೂರಿಸಿದರು. ಅಕ್ಕನೂ ಅಫಜಲಪುರದಿಂದ ಬಂದಿದ್ದರು. "ಜನ ಮಾತಾಡ್ಯಾರೋ ಇಲ್ಲೋ, ನಾನೇ ಕೇಳ್ತೇನ್ರಿ. ನಿನ್ನಿದು ಹಚ್ರಿ" ಎಂದರು ಮ್ಯಾನೇಜರ್.

ಅಂದು ಬೆಳಿಗ್ಗೆ ನಾನು ಕೇಳಿರಲಿಲ್ಲ; ಅವರ ಮುಂದೆಯೇ ತೆರೆಯೋಣವೆಂದು ಬಿಟ್ಟಿದ್ದೆ. ಯಡ್ರಾಮಿ ಬಂತು. ಮಣ್ಣೂರಿನ ಅಜ್ಜಿ ಈ ಸಲ ಎಲ್ಲವನ್ನೂ ಹೇಳಿದ್ದರು, ಮಷೀನು ಯಾವಾಗ ಬೇಕೆಂಬುದನ್ನೂ. ಮ್ಯಾನೇಜರ್ ತಲೆಯಾಡಿಸುತ್ತಿದ್ದರು. ಆಮೇಲೆ ಕೋಣೆಯಲ್ಲಿ ಅವರದೇ ದನಿ ಕೇಳಿಸಿತು.

"ಹಾಂ, ಆರಾಮ ಅದೇನಿ. ನಿನ್ನಿ ಬಂದೆ ಸೊಲ್ಲಾಪುರದಿಂದ." ಬಿಡುವು. "ಯಾವ ಊರಂದ್ರ ಏನವಾ, ಆಳಂದೇ, ಮನಿಯಿಂದ. ನಾನಽ, ಗುರ್ತ ಸಿಗಲಿಲ್ಲೇನು?" ಬಿಡುವು. "ಮಷೀನ್ ಬ್ಯಾಡ ಯವ್ವಾ ನನಗ, ಡಬ್ಬಿದು ಕೇಳೂಣಂತ ಹಚ್ಚಿದೆ. ಇಷ್ಟೊತ್ತಾದ್ರೂ ಆಫೀಸಿನ್ಯಾಗ ಕುಂತೀಯಲ್ಲ ನೀ? ಹೊತ್ತು ಮುಳುಗೇದ. ನಾಳಿ ನೋಡಿದ್ರಾತು, ಮನಿಗಿ ಹೋಗವಾ." ಕೊನೆಯಲ್ಲಿ ನನ್ನ ದನಿ, ಇಡ್ಲೇನ್ರಿ ಮತ್ತ ಎಂದಿತು. "ಇಡು, ಇಡು. ಹುಷಾರಾಗಿ ಹೋಗು."

ಅಕ್ಕ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಮ್ಯಾನೇಜರ್ ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಅದು ನೀವಲ್ಲೇನ್ರಿ ಮೇಡಮ್?"

"ಅಲ್ರಿ ಸರ್. ಡಬ್ಬಿರಿ."

"ಮತ್ತ ನೀವೆಲ್ಲಿದ್ರಿ?"

"ಮನ್ಯಾಗ್ರಿ."

ಅವರು ಸ್ವಲ್ಪ ಹೊತ್ತು ಕನ್ನಡಕವನ್ನು ಒರೆಸಿದರು. "ನನ್ನ ಕೂಡ ಮಾತಾಡೇದಂದ್ರ ಎಲ್ಲಾರ ಕೂಡ ಮಾತಾಡ್ತದ ಬಿಡ್ರಿ" ಎಂದು ಪೇಂಟರನಿಗೆ ಫೋನ್ ಹಚ್ಚಿದರು. ಮೂರೂ ಬೋರ್ಡಿಗೆ ಕಚೇರಿಯ ನಂಬರ್ ಒಂದೇ, ಅಫಜಲಪುರದಲ್ಲಿ ಎರಡನೆಯದನ್ನು ಅಳಿಸಿಬಿಡು ಎಂದು ನಮ್ಮೆದುರಿಗೇ ಹೇಳಿದರು. ಅವರು ನನ್ನನ್ನು ಯವ್ವಾ ಎಂದದ್ದು ನನಗೆ ನೆನಪಿರುವಂತೆ ಅದೊಂದೇ ಸಲ, ಅದೂ ನಾನಿಲ್ಲದ ಕಡೆ. ಸಂದೇಶಗಳನ್ನು ವಾರಕ್ಕೊಮ್ಮೆ ಅಳಿಸುವುದು ನಾನೇ ಮಾಡಿದ ನಿಯಮ. ಅದೊಂದನ್ನು ಉಳಿಸಿಕೊಂಡಿದ್ದೇನೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಫಜಲಪುರಕ್ಕೆ ಹೋದೆ. ಅಕ್ಕ ಇನ್ನೂ ಬಂದಿರಲಿಲ್ಲ, ಕಿಟಕಿ ಮುಚ್ಚಿತ್ತು, ನಂಬರ್ ಪೂರ್ತಿಯಾಗಿ ಗೋಡೆಯ ಮೇಲಿತ್ತು. ಪೇಂಟರ್ ಬರುವುದು ಮಧ್ಯಾಹ್ನ. ಚೀಲದಿಂದ ಥಿನ್ನರ್ ಶೀಸೆ ತೆಗೆದು, ಹಳೆಯ ಬಟ್ಟೆಗೆ ಹಚ್ಚಿಕೊಂಡು, ಬಾಗಿಲ ಮೇಲಿನ ಏಳನ್ನು ಮರದ ಬಣ್ಣ ಕಾಣುವವರೆಗೆ ಉಜ್ಜಿದೆ. ಉಳಿದ ಅಂಕಿಗಳನ್ನು ಅವನಿಗೆ ಬಿಟ್ಟೆ. ಆಮೇಲೆ ಬೀಗ ತೆಗೆದು ಒಳಗೆ ಹೋಗಿ, ಕೈ ತೊಳೆದುಕೊಂಡು, ಕಚೇರಿಯ ಫೋನಿನಿಂದ ಮಣ್ಣೂರಿಗೆ ಹಚ್ಚಿ, ಅಜ್ಜಿಯ ಮೊಣಕಾಲು ಹೇಗಿದೆ ಎಂದು ಕೇಳಿದೆ.